ಹಳೆಯ ಬ್ರೆಜಿಲಿಯನ್ ಜಕರಂಡಾ ಮೇಜನ್ನು ಕೆಡಿಸದೆ ಸರಿಪಡಿಸುವ ಕ್ರಮ: ಸಮಗ್ರ ಮಾರ್ಗದರ್ಶಿ

ಕೆಲಸ ಕೆಟ್ಟ ಮೇಲೆ ನನಗೆ ಬರುವ ಫೋಟೊಗಳೆಲ್ಲ ಹೆಚ್ಚುಕಮ್ಮಿ ಒಂದೇ ತರಹ ಇರುತ್ತವೆ. ಮೇಜಿನ ನಟ್ಟನಡುವೆ ಅಂಗೈಯಗಲದ ತಿಳಿ ಮಚ್ಚೆ, ಸುತ್ತಲೂ ಕಪ್ಪು ಗೆರೆಗಳ ಗಾಢ ಕಂದು ಮರ. ಮಚ್ಚೆಯ ಒಳಗೆ ಮರದ ಎಳೆ ಬೇರೆಯೇ ದಿಕ್ಕಿಗೆ ಓಡುತ್ತಿರುತ್ತದೆ. ಸ್ಯಾಂಡರ್ ಮೆಷಿನ್ ಮೇಲಿನ ಜಕರಂಡಾ ಪದರವನ್ನು ಪೂರ್ತಿ ತಿಂದುಹಾಕಿ ಕೆಳಗಿನ ಪ್ಲೈವುಡ್ ಹೊರಬಂದಿದೆ ಎಂದು ಅದರ ಅರ್ಥ. ಫೋಟೊದ ಜೊತೆಗೆ ಬರುವ ಪ್ರಶ್ನೆಯೂ ಒಂದೇ: ಇದಕ್ಕೆ ಯಾವ ಬಣ್ಣ ಹಚ್ಚಿದರೆ ಸರಿಹೋಗುತ್ತದೆ? ಯಾವ ಬಣ್ಣ ಹಚ್ಚಿದರೂ ಸರಿಹೋಗುವುದಿಲ್ಲ. ಆ ಮರದ ದಂಧೆ ನಿಂತು ಮೂವತ್ತು ವರ್ಷ ದಾಟಿದೆ, ಅಂಥದ್ದೇ ಹಾಳೆ ಸಿಗುವುದು ದುರ್ಲಭ.

1950–60ರ ದಶಕದಲ್ಲಿ ರಿಯೊ ಮತ್ತು ಸಾವೊ ಪಾಲೊದಲ್ಲಿ ತಯಾರಾದ ಬರೆಯುವ ಮೇಜುಗಳ ಬಗ್ಗೆ ಈ ಬರಹ. ನಾನು ಸಾವೊ ಪಾಲೊದಲ್ಲಿ ಇರುವುದರಿಂದ ಇಂಥ ಮೇಜುಗಳನ್ನು ಮತ್ತೆ ಮತ್ತೆ ಕಾಣುತ್ತೇನೆ. ಶನಿವಾರ ಬೆನೆಡಿಟೊ ಕಲಿಶ್ಟೊ ಚೌಕದ ಹಳೆ ಸಾಮಾನಿನ ಸಂತೆಯಲ್ಲಿ, ಭಾನುವಾರ ಮಾಸ್ಪ್ ಕಲಾ ಮ್ಯೂಸಿಯಂನ ಬಳಿ ಸೇರುವ ಸಂತೆಯಲ್ಲಿ. ಕೆಟ್ಟುಹೋದ ಮೇಜುಗಳನ್ನು ನೋಡಿ ನೋಡಿ ನನಗೆ ಮನದಟ್ಟಾದದ್ದು ಇಷ್ಟು: ಜನ ತಪ್ಪು ಸಾಮಾನು ಬಳಸಿ ಕೆಡಿಸುವುದಕ್ಕಿಂತ ಸರಿಯಾದ ಸಾಮಾನನ್ನು ತಪ್ಪು ಹೊತ್ತಿನಲ್ಲಿ ಬಳಸಿ ಕೆಡಿಸುವುದೇ ಹೆಚ್ಚು. ಹಾಗಾಗಿ ಕೆಳಗಿನ ಹಂತಗಳನ್ನು ದಯವಿಟ್ಟು ಹಿಂದುಮುಂದು ಮಾಡಬೇಡಿ.

## ಮೊದಲು ಕೂಡಿಸಿಕೊಳ್ಳಬೇಕಾದ ಸಾಮಾನು

ಟಾರ್ಚು, ಭೂತಗನ್ನಡಿ, ಮೆತ್ತನೆ ಬ್ರಷ್, ತುಂಬಾ ಸಲ ಒಗೆದು ಮೆದುವಾದ ಹತ್ತಿ ಬಟ್ಟೆ (ಹಳೆ ಪಂಚೆಗಿಂತ ಒಳ್ಳೆಯದು ಇಲ್ಲ), ಕಿವಿಗೆ ಹಾಕುವ ಹತ್ತಿಕಡ್ಡಿ, ಚೂಪಾದ ಬ್ಲೇಡು, ಸೂಜಿಯಿಲ್ಲದ ಮತ್ತು ಸೂಜಿಯಿರುವ ಸಿರಿಂಜು, ನಾಲ್ಕಾರು ಕ್ಲ್ಯಾಂಪ್, ಮೇಣದ ಕಾಗದ, 320 ಮತ್ತು 400 ನಂಬರಿನ ಉಪ್ಪುಕಾಗದ.

ದ್ರವಗಳಲ್ಲಿ ಮಿನರಲ್ ಟರ್ಪೆಂಟೈನ್ (ಇಲ್ಲಿನ ಅಂಗಡಿಯಲ್ಲಿ ಅಗ್ವಾರಾಸ್ ಎಂದು ಕೇಳಬೇಕು), ಅಸಿಟೋನ್, ಲ್ಯಾಕರ್ ಥಿನ್ನರ್, ಸ್ಪಿರಿಟ್. ಸ್ಪಿರಿಟ್ ಕೊಳ್ಳುವಾಗ ಎಚ್ಚರ ಬೇಕು. ಬ್ರೆಜಿಲ್‌ನ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವುದು ಸಾಮಾನ್ಯವಾಗಿ 46 ಅಂಕೆಯ ಆಲ್ಕೊಹಾಲ್, ಉಳಿದದ್ದು ನೀರು. ಅದರಲ್ಲಿ ಪಾಲಿಶ್ ಮಾಡುವ ಅರಗು (ಶೆಲಾಕ್) ಕರಗಿಸಿ ಹಚ್ಚಿದರೆ ಮೇಜು ಬೆಳ್ಳಗೆ ಮಂಜು ಕವಿದಂತಾಗುತ್ತದೆ. ಪೇಂಟ್ ಅಂಗಡಿಯಲ್ಲಿ 99 ಎಂದು ಬರೆದ ಡಬ್ಬ ಕೇಳಿ. ಮೂಗಿಗೆ ಒಳ್ಳೆಯ ಮಾಸ್ಕ್, ಕೈಗೆ ಗವಸು. ಜಕರಂಡಾ ಪುಡಿ ಚರ್ಮಕ್ಕೂ ಉಸಿರಿಗೂ ಅಲರ್ಜಿ ತರುತ್ತದೆ. ಕವಿಯೂನಾ ಎಂಬ ಅದರ ಹೋಲಿಕೆಯ ಮರ ಇನ್ನೂ ಕೆಟ್ಟದು.

ಸ್ಪಿರಿಟ್, ಥಿನ್ನರ್ ತೆರೆಯುವ ಕೋಣೆಯಲ್ಲಿ ಬೆಂಕಿ ಇರಬಾರದು. ಪಕ್ಕದಲ್ಲೇ ದೇವರ ಗೂಡು ಇದ್ದರೆ ಮೊದಲು ದೀಪ ಶಾಂತ ಮಾಡಿ, ಆಮೇಲೆ ಡಬ್ಬದ ಮುಚ್ಚಳ ತೆಗೆಯಿರಿ.

## ಹಂತ 1: ಫೋಟೊ ಮತ್ತು ತಳದ ತಪಾಸಣೆ

ಒರೆಸುವ ಮೊದಲೇ ಫೋಟೊ ತೆಗೆಯಿರಿ. ಖಾನೆಗಳನ್ನು ಹೊರಗೆಳೆದು ಅವುಗಳ ತಳ, ಹಿಂಬದಿ, ಖಾನೆ ಕೂರುವ ಗೂಡಿನ ಒಳಗೋಡೆ, ಮೇಜಿನ ಅಡಿಭಾಗ ಎಲ್ಲವನ್ನೂ ಟಾರ್ಚ್ ಹಿಡಿದು ನೋಡಿ. ಕಾಗದದ ಚೀಟಿ, ಲೋಹದ ಬಿಲ್ಲೆ, ಸುಟ್ಟು ಒತ್ತಿದ ಮುದ್ರೆ, ಸೀಮೆಸುಣ್ಣದಲ್ಲಿ ಬರೆದ ಸಂಖ್ಯೆ ಸಿಗಬಹುದು. ಸೆರ್ಜಿಯೊ ರೊಡ್ರಿಗೆಸ್ 1955ರಲ್ಲಿ ರಿಯೊದಲ್ಲಿ ತೆರೆದ ಓಕಾ, ಜಾರ್ಜ್ ಜಲ್ಶುಪಿನ್ 1959ರಲ್ಲಿ ಸಾವೊ ಪಾಲೊದಲ್ಲಿ ಆರಂಭಿಸಿದ ಲ'ಅಟೆಲಿಯೆ ಮುಂತಾದ ತಯಾರಕರ ಗುರುತು ಇದ್ದರೆ ಅದು ಇರುವುದು ಇಂಥ ಮೂಲೆಗಳಲ್ಲೇ. ಒದ್ದೆ ಬಟ್ಟೆಯ ಒಂದೇ ಎಳೆತಕ್ಕೆ ಅರವತ್ತು ವರ್ಷದ ಕಾಗದದ ಚೀಟಿ ಮುದ್ದೆಯಾಗಿ ಬರುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು, ಚೀಟಿಗೆ ತಾಗದಂತೆ ಆಚೀಚೆ ಟೇಪ್ ಹಚ್ಚಿ ಮುಚ್ಚಿಡಿ.

ಗುರುತು ಸಿಗದಿದ್ದರೆ ಬೇಸರ ಬೇಡ, ಬಹಳಷ್ಟು ಮೇಜುಗಳಿಗೆ ಇರುವುದಿಲ್ಲ. ಗುರುತಿಲ್ಲದ ಮೇಜಿಗೆ ದೊಡ್ಡ ಹೆಸರು ಅಂಟಿಸಿ ಮಾರುವವರು ಮಾತ್ರ ಎಲ್ಲೆಲ್ಲೂ ಇದ್ದಾರೆ.

## ಹಂತ 2: ಮರ ಯಾವುದು, ಗಟ್ಟಿಯೋ ಪದರವೋ

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಬೆಂಗಳೂರಿನ ರಸ್ತೆ ಬದಿಯಲ್ಲಿ ನೇರಳೆ ಹೂ ಬಿಡುವ ಜಕರಂಡಾ ಮರಕ್ಕೂ ಈ ಮೇಜಿಗೂ ಸಂಬಂಧವಿಲ್ಲ. ಬ್ರೆಜಿಲ್‌ನ ಮರಗೆಲಸದವರು ಜಕರಂಡಾ ಎನ್ನುವುದು ಬಹಿಯಾ, ಎಸ್ಪಿರಿಟೊ ಸ್ಯಾಂಟೊ ಕಡೆಯ ಅಟ್ಲಾಂಟಿಕ್ ಕರಾವಳಿ ಕಾಡಿನ ಡಾಲ್ಬರ್ಜಿಯಾ ನೈಗ್ರಾಗೆ. ಅದು ನಮ್ಮ ಮಲೆನಾಡಿನ ಬೀಟೆಯ ಹತ್ತಿರದ ಬಂಧು, ಎರಡೂ ಡಾಲ್ಬರ್ಜಿಯಾ ಕುಲದವು. ಬೀಟೆ ಮಂಚ, ಬೀಟೆ ಬಾಗಿಲು ಇರುವ ಮನೆಯಲ್ಲಿ ಬೆಳೆದವರಿಗೆ ಈ ಮರದ ತೂಕವೂ ಕಪ್ಪು ಗೆರೆಯೂ ಹೊಸದಲ್ಲ.

ಕಾಲಿನ ತುದಿಯಲ್ಲಿ, ನೆಲಕ್ಕೆ ತಾಗುವ ಜಾಗದಲ್ಲಿ ಚಾಕುವಿನ ಮೊನೆಯಿಂದ ಸಾಸಿವೆಯಷ್ಟು ಕೆರೆದು ಮೂಸಿ. ಜಕರಂಡಾ ಆದರೆ ಗುಲಾಬಿಯನ್ನು ನೆನಪಿಸುವ ಸಿಹಿ ವಾಸನೆ ಬರುತ್ತದೆ. ಮಸಾಲೆಯ ವಾಸನೆ ಬಂದು, ಬಣ್ಣ ಹಸಿರುಕಂದಿನತ್ತ ವಾಲಿದ್ದು, ಮರ ಹಗುರವೆನಿಸಿದರೆ ಅದು ಇಂಬೂಯಾ ಇರಬಹುದು. ಖಾನೆಯ ಒಳಭಾಗದಲ್ಲೋ ಅಂಚುಗಳಲ್ಲೋ ಕೆನೆ ಬಣ್ಣದ ಮರ ಕಂಡರೆ ಅದು ಪಾವ್-ಮಾರ್ಫಿಂ ಇದ್ದೀತು. ಈ ತಿಳಿ ಮರ ಎಲ್ಲೆಲ್ಲಿದೆ ಎಂದು ಗುರುತು ಹಾಕಿಕೊಳ್ಳಿ, ಮುಂದೆ ಅದೇ ನಿಮ್ಮನ್ನು ಕಾಡುವುದು.

ಇನ್ನು ಪದರದ ಪ್ರಶ್ನೆ. ಕಾಲು, ಚೌಕಟ್ಟು, ಹಿಡಿ ಸಾಮಾನ್ಯವಾಗಿ ಗಟ್ಟಿ ಮರ. ಮೇಲ್ಹಲಗೆ ಮಾತ್ರ ಬಹುಪಾಲು ವಿನೀರ್. ಅಂದರೆ ಒಂದು ಮಿಲಿಮೀಟರ್‌ಗೂ ತೆಳುವಾದ ಜಕರಂಡಾ ಹಾಳೆಯನ್ನು ಪ್ಲೈವುಡ್ ಅಥವಾ ಅಗ್ಗದ ಮರದ ಮೇಲೆ ಅಂಟಿಸಿದ್ದು. ಪತ್ತೆ ಮಾಡುವುದು ಸುಲಭ. ಹಲಗೆಯ ಮೇಲೆ ಉದ್ದಕ್ಕೆ ಓಡುವ ಕಪ್ಪು ಗೆರೆಯೊಂದನ್ನು ಬೆರಳಿನಿಂದ ಹಿಂಬಾಲಿಸಿ ಅಡ್ಡ ಅಂಚಿನವರೆಗೆ ಹೋಗಿ. ಗಟ್ಟಿ ಮರವಾದರೆ ಆ ಗೆರೆ ಅಂಚಿನಲ್ಲಿ ಕೆಳಗಿಳಿಯುತ್ತದೆ, ಅಲ್ಲಿ ಮರದ ಬಾಯಿ, ಅಂದರೆ ಎಳೆಗಳ ಕತ್ತರಿಸಿದ ತುದಿ, ಕಾಣುತ್ತದೆ. ಗೆರೆ ಅಂಚಿನಲ್ಲಿ ತಟ್ಟನೆ ನಿಂತು ಬೇರೆ ಪಟ್ಟಿ ಶುರುವಾದರೆ ವಿನೀರ್. ಅಡಿಭಾಗದ ಎಳೆ ಮೇಲಿನದಕ್ಕೆ ಹೊಂದದಿದ್ದರೂ ಹಾಗೆಯೇ. ಕೆಲವು ಲ'ಅಟೆಲಿಯೆ ಮೇಜುಗಳಲ್ಲಿ ಸಣ್ಣ ಸಣ್ಣ ಜಕರಂಡಾ ತುಂಡುಗಳನ್ನು ಕೌದಿಯಂತೆ ಜೋಡಿಸಿದ ಮೇಲ್ಮೈ ಇರುತ್ತದೆ. ಅದನ್ನು ಕಂಡು, ಯಾರೋ ತೇಪೆ ಹಾಕಿದ್ದಾರೆ ಎಂದು ಕಿತ್ತವರಿದ್ದಾರೆ. ಅದು ಮೂಲ ವಿನ್ಯಾಸವೇ.

ವಿನೀರ್ ಎಂದು ಖಚಿತವಾದ ಗಳಿಗೆಯಿಂದ ಮೆಷಿನ್ ಸ್ಯಾಂಡರ್ ಮನೆಯ ಹೊರಗೆ ಹೋಗಲಿ.

## ಹಂತ 3: ಹುಳ ಇದೆಯೇ?

ಬ್ರೆಜಿಲ್‌ನಲ್ಲಿ ಕುಪಿಂ ಎಂದರೆ ಗೆದ್ದಲು, ಅದರಲ್ಲೂ ಮಣ್ಣಿನ ಸಂಪರ್ಕವೇ ಇಲ್ಲದೆ ಒಣಮರದಲ್ಲಿ ಬದುಕುವ ಜಾತಿ. ಜಕರಂಡಾದ ಕಪ್ಪು ತಿರುಳನ್ನು ಅದು ಸುಲಭಕ್ಕೆ ಮುಟ್ಟುವುದಿಲ್ಲ. ಖಾನೆಯ ತಳ, ಹಿಂಬದಿಯ ಹಲಗೆ, ವಿನೀರ್ ಕೆಳಗಿನ ಮೆದು ಮರ ಅದರ ಊಟ. ಹೀಗಾಗಿ ಹೊರಗಿನಿಂದ ಮೇಜು ಲಕ್ಷಣವಾಗಿ ಕಾಣುತ್ತಿರುವಾಗಲೇ ಒಳಗೆ ಟೊಳ್ಳಾಗಿರುತ್ತದೆ.

ಉದುರಿದ ಪುಡಿಯನ್ನು ಬೆರಳಿನ ನಡುವೆ ತಿಕ್ಕಿ ನೋಡಿ. ಗಸಗಸೆಯಂತೆ ಕಾಳುಕಾಳಾಗಿ ಬೆರಳಿಗೆ ಸಿಕ್ಕರೆ ಗೆದ್ದಲು. ಗೋಧಿ ಹಿಟ್ಟಿನಂತೆ ನುಣ್ಣಗಿದ್ದರೆ ಕುಟ್ಟೆ ಹುಳ. ಎರಡರಲ್ಲಿ ಯಾವುದೇ ಇರಲಿ, ಹಳೆಯದೋ ಈಗಿನದೋ ತಿಳಿಯಬೇಕು. ಎಲ್ಲ ಪುಡಿಯನ್ನೂ ವ್ಯಾಕ್ಯೂಮ್‌ನಿಂದ ತೆಗೆದು, ಮೇಜಿನ ಕೆಳಗೆ ಬಿಳಿ ಹಾಳೆ ಹಾಸಿ ಎರಡು ವಾರ ಬಿಡಿ. ಹೊಸ ಪುಡಿ ಬಿದ್ದಿದ್ದರೆ ಹುಳ ಜೀವಂತವಿದೆ. ತೂತುಗಳಿಗೆ ಅಡಿಭಾಗದಿಂದ ಸಿರಿಂಜಿನಲ್ಲಿ ಮರದ ಹುಳದ ಔಷಧಿ ಬಿಡಬಹುದು; ಹಲಗೆ ಬಡಿದಾಗ ಟೊಳ್ಳು ಸದ್ದು ಬಂದರೆ ವೃತ್ತಿಪರರಿಂದಲೇ ಮಾಡಿಸಿ. ಈ ಎರಡು ವಾರ ಕಾಯುವುದನ್ನು ತಪ್ಪಿಸಿ ಮೊದಲೇ ಪಾಲಿಶ್ ಮಾಡಿದವರು, ಆರು ತಿಂಗಳಿಗೆ ಹೊಸ ಪಾಲಿಶ್‌ನಲ್ಲಿ ಹೊಸ ತೂತು ಕಾಣುತ್ತಾರೆ.

## ಹಂತ 4: ಕಾಲಿನ ಅಲುಗಾಟ, ಬಿಗಿಯಾದ ಖಾನೆ

ಅಲುಗುವ ಕಾಲಿಗೆ ಸ್ಕ್ರೂ ಹೊಡೆಯಬೇಡಿ. ಜಕರಂಡಾ ಗಡಸು, ಸ್ಕ್ರೂ ಬಿಗಿಯಾಗುತ್ತಿದ್ದಂತೆ ಎಳೆಯ ಉದ್ದಕ್ಕೆ ಸೀಳುತ್ತದೆ. ಕೀಲನ್ನು ಮೆಲ್ಲಗೆ ಬಿಡಿಸಿ, ಹಳೆಯ ಅಂಟನ್ನು ಕೆರೆದು ತೆಗೆದು, ಹೊಸದಾಗಿ ಅಂಟು ಹಾಕಿ ಕ್ಲ್ಯಾಂಪ್ ಬಿಗಿಯಿರಿ. ಹಳೆಯ ಅಂಟಿನ ಮೇಲೆ ಹೊಸ ಬಿಳಿ ಅಂಟು ಹಿಡಿಯುವುದಿಲ್ಲ.

ಇಲ್ಲೊಂದು ಗುಟ್ಟಿದೆ. ಬೀಟೆಯಂತೆ ಜಕರಂಡಾದಲ್ಲೂ ಎಣ್ಣೆಯ ಅಂಶ ಹೆಚ್ಚು, ಅದು ಅಂಟನ್ನು ಹಿಡಿಯಗೊಡುವುದಿಲ್ಲ. ಅಂಟು ಹಾಕುವ ಮುಖವನ್ನು ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿ. ಬಟ್ಟೆ ನೇರಳೆಗಂದಾಗುತ್ತದೆ. ಬಟ್ಟೆ ಬದಲಿಸುತ್ತ, ಬಣ್ಣ ಬರುವುದು ಕಡಿಮೆಯಾಗುವವರೆಗೆ ಒರೆಸಿ, ಒಣಗಿದ ಕೂಡಲೇ ಅಂಟು ಹಾಕಿ. ಗಂಟೆಗಟ್ಟಲೆ ಬಿಟ್ಟರೆ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ.

ಹಿತ್ತಾಳೆಯ ಕಾಲ್ತುದಿಗಳನ್ನು ಬಿಚ್ಚಿ ಬೇರೆಯಾಗಿ ಉಜ್ಜಿ. ಮರದ ಮೇಲೇ ಇಟ್ಟು ಉಜ್ಜಿದರೆ ಹಿತ್ತಾಳೆ ಪಾಲಿಶ್ ಮರದ ರಂಧ್ರಗಳಲ್ಲಿ ಕೂತು ಬಿಳಿ ಚುಕ್ಕೆಯಾಗುತ್ತದೆ.

ಖಾನೆ ಬಿಗಿಯೆಂದು ಕೀಸುಳಿ ಹಿಡಿಯುವ ಮೊದಲು ಋತು ನೋಡಿ. ಸಾವೊ ಪಾಲೊದಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ ಮಳೆ, ಜೂನ್‌ನಿಂದ ಆಗಸ್ಟ್ ಒಣ ಹವೆ. ಮಳೆಗಾಲದಲ್ಲಿ ಉಬ್ಬಿದ್ದನ್ನು ಹೆರೆದರೆ ಒಣಗಾಲದಲ್ಲಿ ಖಾನೆ ಗಡಗಡ ಅಲ್ಲಾಡುತ್ತದೆ. ಜಾರುಪಟ್ಟಿಗೆ ಮೇಣದಬತ್ತಿ ತಿಕ್ಕಿ ನೋಡಿ, ಅರ್ಧಕ್ಕರ್ಧ ಖಾನೆಗಳಿಗೆ ಅಷ್ಟೇ ಸಾಕು.

## ಹಂತ 5: ಎದ್ದ ವಿನೀರ್ ಕೂರಿಸುವುದು

ಕೊಳೆ ತೆಗೆಯುವ ಮೊದಲೇ ಇದು ಆಗಬೇಕು. ಬಹಳ ಜನ ಮೊದಲು ಒರೆಸುತ್ತಾರೆ. ಎದ್ದ ಅಂಚಿಗೆ ಬಟ್ಟೆಯ ನೂಲು ಸಿಕ್ಕಿ ಒಂದು ಚಕ್ಕೆ ಹಾರಿಹೋಗುತ್ತದೆ, ದ್ರವ ಒಳಗೆ ಇಳಿದು ಇನ್ನಷ್ಟು ಎಬ್ಬಿಸುತ್ತದೆ.

ಬೆರಳ ಗೆಣ್ಣಿನಿಂದ ಮೇಲ್ಮೈಯನ್ನೆಲ್ಲ ಮೆಲ್ಲಗೆ ತಟ್ಟುತ್ತ ಹೋಗಿ. ಕಾಯಿ ತಟ್ಟಿ ಎಳನೀರೋ ಬಲಿತದ್ದೋ ಎಂದು ನೋಡುವ ಕಿವಿ ಇದಕ್ಕೂ ಬೇಕು. ಸದ್ದು ಬದಲಾದ ಕಡೆ ಸೀಮೆಸುಣ್ಣದ ಗುರುತು ಹಾಕಿ.

ಅಂಚಿನಲ್ಲಿ ಎದ್ದಿದ್ದರೆ ಬ್ಲೇಡಿನ ತುದಿಯಿಂದ ಒಳಗಿನ ಧೂಳು ಕೆರೆದು, ಸಿರಿಂಜಿನಿಂದ ಅಂಟು ಬಿಟ್ಟು, ಮೇಣದ ಕಾಗದ ಹಾಸಿ, ಮೇಲೊಂದು ಸಮತಟ್ಟು ಹಲಗೆ ಇಟ್ಟು ಕ್ಲ್ಯಾಂಪ್ ಹಾಕಿ. ಒಂದು ಇಡೀ ದಿನ ಮುಟ್ಟಬೇಡಿ. ನಡುವೆ ಗುಳ್ಳೆಯಂತೆ ಉಬ್ಬಿದ್ದರೆ ಕಪ್ಪು ಗೆರೆಯೊಂದರ ಮೇಲೇ, ಎಳೆಯ ದಿಕ್ಕಿನಲ್ಲೇ, ಬ್ಲೇಡಿನಿಂದ ಸಣ್ಣ ಸೀಳು ಮಾಡಿ ಅದರಿಂದ ಅಂಟು ಬಿಡಿ. ಗೆರೆಯ ಮೇಲಿನ ಸೀಳು ಆಮೇಲೆ ಕಣ್ಣಿಗೆ ಬೀಳುವುದಿಲ್ಲ. ಹೊರಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಆಗಲೇ ಒರೆಸಿ. ಒಣಗಿದ ಅಂಟಿನ ಕೆಳಗೆ ಪಾಲಿಶ್ ಇಳಿಯುವುದಿಲ್ಲ.

ಬಿಸಿ ಇಸ್ತ್ರಿ ಒತ್ತಿದರೆ ಗುಳ್ಳೆ ಕೂರುತ್ತದೆ ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಪ್ರಾಣಿಜನ್ಯ ಸರೇಸಿನಿಂದ ಅಂಟಿಸಿದ ಮೇಜಿಗೆ ಮಾತ್ರ ಅದು ಫಲ ಕೊಡುತ್ತದೆ, ಏಕೆಂದರೆ ಸರೇಸು ಬಿಸಿಗೆ ಮತ್ತೆ ಕರಗುತ್ತದೆ. ಕಾರ್ಖಾನೆಯಲ್ಲಿ ಪ್ರೆಸ್ ಮಾಡುವಾಗ ಬಳಸುವ ಯೂರಿಯಾ ಅಂಟು ಕರಗದು, ಇಸ್ತ್ರಿಯ ಬಿಸಿಗೆ ಮೇಲಿನ ಹಳೆ ಪಾಲಿಶ್ ಮಾತ್ರ ಸುಡುತ್ತದೆ. ನಿಮ್ಮದು ಯಾವುದೆಂದು ಗೊತ್ತಿಲ್ಲದಿದ್ದರೆ ಇಸ್ತ್ರಿ ಬೇಡ.

## ಹಂತ 6: ಕೊಳೆ ತೆಗೆಯುವುದು

ಬ್ರೆಜಿಲ್ ಮನೆಗಳಲ್ಲಿ ಮೇಜಿಗೆ ವಾರವಾರ ಎಣ್ಣೆ-ಪಾಲಿಶ್ ಹಚ್ಚುವ ರೂಢಿ. ಆ ಎಣ್ಣೆ, ಧೂಳು, ಸಿಗರೇಟಿನ ಹೊಗೆ ಸೇರಿ ಕರಿಯ ಜಿಡ್ಡು ಕಟ್ಟಿರುತ್ತದೆ. ಮರವೇ ಕಪ್ಪಾಗಿದೆ ಎಂದುಕೊಂಡವರು ಇಲ್ಲೇ ಉಪ್ಪುಕಾಗದ ಕೈಗೆತ್ತಿಕೊಳ್ಳುತ್ತಾರೆ.

ಮಿನರಲ್ ಟರ್ಪೆಂಟೈನ್‌ನಲ್ಲಿ ಬಟ್ಟೆ ಅದ್ದಿ, ಹಿಂಡಿ, ಎಳೆಯ ದಿಕ್ಕಿನಲ್ಲಿ ಒರೆಸಿ. ಒಂದು ಅಡಿಯಷ್ಟು ಜಾಗ ಮುಗಿಸಿ ಒಣ ಬಟ್ಟೆಯಿಂದ ಒರೆಸಿಕೊಂಡು ಮುಂದಿನದಕ್ಕೆ ಹೋಗಿ. ಜಿಡ್ಡು ಹೋದ ಮೇಲೂ ಬೆವರು, ಸಕ್ಕರೆಯ ಅಂಟು ಉಳಿದಿದ್ದರೆ, ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿದ ನೀರಿನಲ್ಲಿ ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಒಂದು ಸಲ ಒರೆಸಿ, ಕೂಡಲೇ ಒಣಗಿಸಿ. ವಿನೀರ್ ಮೇಲೆ ನೀರು ನಿಲ್ಲಬಾರದು.

ಟರ್ಪೆಂಟೈನ್ ಹಸಿಯಾಗಿ ಇರುವ ಆ ಅರ್ಧ ನಿಮಿಷ ಮೇಜನ್ನು ಗಮನಿಸಿ. ಮಂಕಾಗಿದ್ದ ಮರ ಒಮ್ಮೆಲೇ ಕಡು ಚಾಕಲೇಟ್ ಬಣ್ಣಕ್ಕೆ ತಿರುಗಿ, ಕೆಂಪು ಎಳೆಗಳು ಎದ್ದು ಬರುತ್ತವೆ. ಹೊಸ ಪಾಲಿಶ್ ಮಾಡಿದ ಮೇಲೆ ಸಿಗುವ ಬಣ್ಣ ಹೆಚ್ಚುಕಮ್ಮಿ ಇದೇ. ಇದು ನಿಮಗೆ ಒಪ್ಪಿಗೆಯಾದರೆ ಬಣ್ಣ ಹಚ್ಚುವ ಯೋಚನೆಯನ್ನೇ ಬಿಟ್ಟುಬಿಡಿ.

## ಹಂತ 7: ಹಳೆಯ ಪಾಲಿಶ್ ಯಾವುದೆಂದು ಪರೀಕ್ಷೆ

ಕಣ್ಣಿಗೆ ಬೀಳದ ಜಾಗ ಆರಿಸಿ, ಕಾಲಿನ ಒಳಮೈ ಅಥವಾ ಹಿಂದಿನ ಅಂಚು. ಹತ್ತಿಕಡ್ಡಿಗೆ ಮೊದಲು ಸ್ಪಿರಿಟ್ ತಾಗಿಸಿ ಅರ್ಧ ನಿಮಿಷ ಒತ್ತಿ. ಪಾಲಿಶ್ ಕರಗಿ ಕಡ್ಡಿಗೆ ಅಂಟಿ ಬಂದರೆ ಅದು ಅರಗು, ಅಂದರೆ ಶೆಲಾಕ್. ಬರದಿದ್ದರೆ ಪಕ್ಕದಲ್ಲೇ ಲ್ಯಾಕರ್ ಥಿನ್ನರ್ ಪ್ರಯೋಗಿಸಿ. ಅದಕ್ಕೆ ಕರಗಿದರೆ ನೈಟ್ರೊಸೆಲ್ಯುಲೋಸ್ ಲ್ಯಾಕರ್. ಎರಡಕ್ಕೂ ಜಗ್ಗದೆ ಗಾಜಿನಂತೆ ದಪ್ಪವಾಗಿ ಕೂತಿದ್ದರೆ, ಆಮೇಲೆ ಯಾರೋ ಬಳಿದ ಪಾಲಿಯುರಿಥೇನ್ ಅಥವಾ ಪಾಲಿಯೆಸ್ಟರ್ ವಾರ್ನಿಶ್. ಥಿನ್ನರ್ ಅರಗನ್ನೂ ಕರಗಿಸುವುದರಿಂದ ಪರೀಕ್ಷೆಯ ಕ್ರಮ ತಿರುಗಿಸಿದರೆ ಉತ್ತರ ತಪ್ಪಾಗುತ್ತದೆ.

ಅರಗು ಅಥವಾ ಲ್ಯಾಕರ್ ಆಗಿದ್ದು, ಸಿಪ್ಪೆ ಏಳದೆ ಬರಿ ಮಂಕಾಗಿದ್ದರೆ ಪೂರ್ತಿ ತೆಗೆಯುವ ಅಗತ್ಯವೇ ಇಲ್ಲ. 400 ನಂಬರಿನ ಕಾಗದದಿಂದ ಕೈಯಲ್ಲಿ ಹಗುರಾಗಿ ಒಂದು ಸುತ್ತು, ಮುಗಿಯಿತು. ಮೇಲಿಂದ ಹೊಸ ಅರಗು ಕೂರುತ್ತದೆ. ಸಿಪ್ಪೆ ಎದ್ದಿದ್ದರೆ ಆಯಾ ದ್ರವದಿಂದಲೇ ಕರಗಿಸಿ ಬಟ್ಟೆಯಿಂದ ಒರೆಸಿ ತೆಗೆಯಿರಿ. ದಪ್ಪ ವಾರ್ನಿಶ್‌ಗೆ ಪೇಂಟ್ ರಿಮೂವರ್ ಜೆಲ್ ಮತ್ತು ಪ್ಲಾಸ್ಟಿಕ್ ಪಟ್ಟಿ ಬೇಕಾಗುತ್ತದೆ. ಲೋಹದ ಪಟ್ಟಿಯ ಮೂಲೆ ಮೆದುವಾದ ವಿನೀರ್‌ಗೆ ಚುಚ್ಚುತ್ತದೆ.

ತಿಳಿ ಮರದ ಅಂಚುಪಟ್ಟಿ ಇರುವ ಮೇಜಾದರೆ ಇಲ್ಲಿ ಉಸಿರು ಬಿಗಿಹಿಡಿದು ಕೆಲಸ ಮಾಡಿ. ಸ್ಪಿರಿಟ್, ಥಿನ್ನರ್, ಅಸಿಟೋನ್ ಮೂರೂ ಜಕರಂಡಾದ ನೇರಳೆ ಬಣ್ಣವನ್ನು ಕರಗಿಸಿ ಪಕ್ಕದ ಕೆನೆ ಮರಕ್ಕೆ ಕುಡಿಸುತ್ತವೆ. ನನ್ನ ಮೊದಲ ಮೇಜಿನ ಎಡ ಅಂಚಿನಲ್ಲಿ ಇಂದಿಗೂ ಎರಡು ಬೆರಳಗಲ ಬೀಟ್‌ರೂಟ್ ಸಾರು ಚೆಲ್ಲಿದಂಥ ಕಲೆ ಇದೆ. ಜಕರಂಡಾದಿಂದ ತಿಳಿ ಮರದ ಕಡೆಗೆ ಯಾವತ್ತೂ ಒರೆಸಬಾರದು. ಮೊದಲು ತಿಳಿ ಮರವನ್ನು ಸಣ್ಣ ಬ್ರಷ್ಷಿನಿಂದ ಎರಡು ಕೈ ತೆಳು ಅರಗು ಬಳಿದು ಮುಚ್ಚಿ, ಪಟ್ಟಿಯ ಉದ್ದಕ್ಕೇ ಬ್ರಷ್ ಓಡಿಸಿ. ಆಮೇಲೆ ಉಳಿದದ್ದು.

## ಹಂತ 8: ಕಲೆಗಳು

ಬಿಸಿ ಕಾಫಿ ಲೋಟ ಇಟ್ಟ ಬಿಳಿ ಉಂಗುರ ಮರದಲ್ಲಿಲ್ಲ, ಪಾಲಿಶ್‌ನಲ್ಲಿದೆ. ಸ್ಪಿರಿಟ್ ತಾಗಿಸಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಉಂಗುರದ ಮೇಲೆ ಗರಿ ಸವರಿದಂತೆ ಆಡಿಸಿ, ನಿಲ್ಲಿಸಬೇಡಿ. ಮೂರ್ನಾಲ್ಕು ಸಲಕ್ಕೆ ಮಾಯವಾಗುತ್ತದೆ.

ಕಪ್ಪು ಉಂಗುರ ಮರದೊಳಗಿನದು. ಕಬ್ಬಿಣ ಮತ್ತು ನೀರು ಮರದ ಟ್ಯಾನಿನ್ ಜೊತೆ ಸೇರಿ ಆದ ಕಲೆ. ಹೂಕುಂಡ, ಟೈಪ್‌ರೈಟರ್ ಕಾಲು ಮಾಡುವ ಕೆಲಸ. ಪಾಲಿಶ್ ತೆಗೆದ ಮೇಲೆ ಮಾತ್ರ ಇದಕ್ಕೆ ಮದ್ದು: 250 ಮಿ.ಲೀ. ಬಿಸಿನೀರಿಗೆ ಎರಡು ಚಮಚ ಆಕ್ಸಾಲಿಕ್ ಆಸಿಡ್, ಗಾಜಿನ ಪಾತ್ರೆಯಲ್ಲಿ, ಗವಸು ಹಾಕಿಕೊಂಡು. ಹತ್ತಿಕಡ್ಡಿಯಿಂದ ಕಲೆಗೆ ಮಾತ್ರ ತಾಗಿಸಿ, ಹತ್ತು ನಿಮಿಷ ಬಿಟ್ಟು, ಚೊಕ್ಕ ನೀರಿನ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ. ಒಣಗಿ ಉಳಿದ ಹರಳನ್ನು ಉಪ್ಪುಕಾಗದದಿಂದ ಉಜ್ಜಬೇಡಿ, ಆ ಪುಡಿ ಮೂಗು ಗಂಟಲಿಗೆ ವಿಷ. ಸ್ಟೀಲ್ ವೂಲ್ ಕೂಡ ಈ ಮರದ ಮೇಲೆ ಬೇಡ. ಅದರ ಎಳೆ ರಂಧ್ರದಲ್ಲಿ ಉಳಿದು ಮುಂದಿನ ಮಳೆಗಾಲಕ್ಕೆ ಕಪ್ಪು ಚುಕ್ಕೆಯಾಗುತ್ತದೆ.

ಹಳೆಯ ಶಾಯಿ ಕಲೆಯನ್ನು ನಾನು ಬಿಟ್ಟುಬಿಡುತ್ತೇನೆ. ಬರೆಯುವ ಮೇಜಿನ ಮೇಲೆ ಶಾಯಿ ಇದ್ದರೆ ಏನು ತಪ್ಪು?

## ಹಂತ 9: ಅರಗಿನ ಪಾಲಿಶ್

ಪಿಯು (ಪಾಲಿಯುರಿಥೇನ್), ಮೆಲಮೈನ್ ಎರಡನ್ನೂ ಬಿಟ್ಟು ಅರಗನ್ನೇ ಏಕೆ ಹೇಳುತ್ತೇನೆಂದರೆ, ಈ ಮರದ ಎಣ್ಣೆ ಪಿಯು ಮತ್ತು ಎಣ್ಣೆ ವಾರ್ನಿಶ್‌ಗಳನ್ನು ಒಣಗಲು ಬಿಡುವುದಿಲ್ಲ. ವಾರ ಕಳೆದರೂ ಬೆರಳು ಅಂಟುತ್ತದೆ ಎಂದು ಬರೆಯುವವರ ಮೇಜಿನಲ್ಲಿ ಆಗಿರುವುದು ಇದೇ. ಅರಗಿಗೆ ಆ ತೊಂದರೆ ಇಲ್ಲ. ನಾಳೆ ಏನಾದರೂ ತಪ್ಪಾದರೆ ಸ್ಪಿರಿಟ್‌ನಿಂದ ಒರೆಸಿ ಮತ್ತೆ ಶುರು ಮಾಡಬಹುದು. ಇಲ್ಲಿ ಅದನ್ನು ಗೋಮಾ-ಲಾಕಾ ಎನ್ನುತ್ತಾರೆ, ನಮ್ಮ ಲಾಕ್ಷಾವೇ. ಜಾರ್ಖಂಡ್‌ನ ಕಾಡಿನ ಹುಳ ಕೊಡುವ ಅದೇ ಅರಗು.

ಮೇಣ ತೆಗೆದ ಅರಗಿನ ಹಳಕು ಕೊಳ್ಳಿ. 100 ಮಿ.ಲೀ. ಸ್ಪಿರಿಟ್‌ಗೆ 12 ಗ್ರಾಂ. ಗಾಜಿನ ಬಾಟಲಿಯಲ್ಲಿ ಹಾಕಿ ಆಗಾಗ ಕುಲುಕುತ್ತ ಒಂದು ರಾತ್ರಿ ಬಿಟ್ಟು, ಹಳೆ ಬಟ್ಟೆಯಲ್ಲಿ ಸೋಸಿ. ಬಾಟಲಿ ಮೇಲೆ ತಾರೀಖು ಬರೆಯಿರಿ. ಆರು ತಿಂಗಳು ದಾಟಿದ ದ್ರಾವಣ ಗಟ್ಟಿಯಾಗಿ ಒಣಗುವುದಿಲ್ಲ, ಚೆಲ್ಲಿಬಿಡಿ.

ಮಳೆ ಬರುವ ದಿನ, ಗೋಡೆ ಬೆವರುವ ದಿನ ಪಾಲಿಶ್ ಮಾಡಬೇಡಿ. ಸ್ಪಿರಿಟ್ ಆರುವಾಗ ಗಾಳಿಯ ತೇವ ಒಳಸೇರಿ ಬಿಳಿ ಮಸುಕು ಕಟ್ಟುತ್ತದೆ. ಸಾವೊ ಪಾಲೊದವರಿಗೆ ಜೂನ್–ಆಗಸ್ಟ್ ಹೇಳಿಮಾಡಿಸಿದ ಕಾಲ. ಮಂಗಳೂರಿಗೆ ಮೇಜು ಒಯ್ದವರಿಗೆ ಅದೇ ತಿಂಗಳು ಅತಿ ಕೆಟ್ಟ ಕಾಲ.

ಇನ್ನು ಹಚ್ಚುವ ಉಂಡೆ. ನಿಂಬೆಹಣ್ಣಿನ ಗಾತ್ರದ ಹತ್ತಿಯನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ತುದಿಯನ್ನು ತಿರುಚಿ ಹಿಡಿ ಮಾಡಿಕೊಳ್ಳಿ. ತಳದಲ್ಲಿ ಒಂದೂ ನೆರಿಗೆ ಇರಬಾರದು. ಇಲ್ಲಿನ ಮರಗೆಲಸದವರು ಇದಕ್ಕೆ ಬೊನೇಕಾ, ಅಂದರೆ ಗೊಂಬೆ ಎನ್ನುತ್ತಾರೆ. ನನಗೆ ಕಲಿಸಿದ ಹಿರಿಯರು ಗೊಂಬೆಯನ್ನು ಮುಂಗೈಗೆ ಒತ್ತಿ ತೋರಿಸುತ್ತಿದ್ದರು: ಚರ್ಮ ತಣ್ಣಗಾಗಬೇಕು, ಒದ್ದೆಯಾಗಬಾರದು. ಅಷ್ಟೇ ಹದ.

ಅರಗನ್ನು ಒಳಗಿನ ಹತ್ತಿಗೆ ಹನಿಸಿ, ಗೊಂಬೆಯನ್ನು ಅದ್ದಬೇಡಿ. ವಿಮಾನ ಇಳಿಯುವಂತೆ ಓಡುತ್ತಲೇ ಮೇಲ್ಮೈಗೆ ತಾಗಬೇಕು, ಓಡುತ್ತಲೇ ಆಚೆ ಅಂಚಿನಿಂದ ಏಳಬೇಕು. ಮೇಜಿನ ಮೇಲೆ ಒಂದು ಕ್ಷಣ ನಿಂತರೂ ಕೆಳಗಿನ ಪದರ ಕರಗಿ ಬಟ್ಟೆಯ ಅಚ್ಚು ಮೂಡುತ್ತದೆ. ಮೊದಲು ಎಳೆಯ ಉದ್ದಕ್ಕೆ ಮೂರು ನಾಲ್ಕು ಸುತ್ತು. ಒಂದು ಗಂಟೆ ಬಿಟ್ಟು 400 ಕಾಗದದಿಂದ ಹಗುರ ಕೈ, ಪುಡಿ ಒರೆಸಿ ಮತ್ತೆ ಮೂರು ನಾಲ್ಕು. ಮೂರನೆಯ ಸರದಿಯಿಂದ ಗೊಂಬೆ ಎಳೆಯತೊಡಗುತ್ತದೆ, ಬಟ್ಟೆ ಹಿಂದಕ್ಕೆ ಜಗ್ಗಿದಂತೆ ಅನ್ನಿಸುತ್ತದೆ. ಅದು ಇವತ್ತಿಗೆ ಸಾಕು ಎಂಬ ಸೂಚನೆ. ಒಂದು ಹನಿ ಎಣ್ಣೆ ಹಾಕಿ ಮುಂದುವರಿಸುವ ಪದ್ಧತಿಯೂ ಇದೆ. ಹೊಸಬರು ಎಣ್ಣೆ ಹೆಚ್ಚಾಗಿಸಿ ಜಿಡ್ಡು ಉಳಿಸಿಕೊಳ್ಳುತ್ತಾರೆ. ಹಾಗಾಗಿ ಮಾರನೆಯ ದಿನಕ್ಕೆ ಬಿಡುವುದೇ ಮೇಲು.

ಸೂಕ್ಷ್ಮ ರಂಧ್ರಗಳು ಕಾಣುತ್ತಿರುವಾಗಲೇ ನಿಲ್ಲಿಸಿ. ಈ ಮೇಜುಗಳಿಗೆ ಕನ್ನಡಿಯ ಹೊಳಪು ಒಪ್ಪುವುದಿಲ್ಲ. ಬೆಳಕಿಗೆ ಓರೆಯಾಗಿ ನೋಡಿದಾಗ ರೇಷ್ಮೆಯ ಮಿನುಗು, ಬೆರಳಾಡಿಸಿದಾಗ ಮರದ ಎಳೆ. ಲಪ್ಪ (ಪುಟ್ಟಿ) ತುಂಬಿ, ರಂಧ್ರ ಮುಚ್ಚಿ, ಪ್ಲಾಸ್ಟಿಕ್ಕಿನಂತೆ ಹೊಳೆಯಿಸಿದ ಜಕರಂಡಾವನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬಿಳಿ ಗೀರುಗಳು ಉಳಿದಿದ್ದರೆ ಅರಗಿಗೆ ಸ್ಪಿರಿಟ್‌ನಲ್ಲಿ ಕರಗುವ ಕಂದು ಬಣ್ಣ ಚಿಟಿಕೆ ಬೆರೆಸಿ, ಸಣ್ಣ ಕುಂಚದಿಂದ ಗೀರಿನೊಳಗೆ ಮಾತ್ರ ತುಂಬಿ.

## ಹಂತ 10: ಮೇಣ, ಮತ್ತು ಇಡುವ ಜಾಗ

ಕೊನೆಯ ಸರದಿಯ ನಂತರ ಒಂದು ವಾರ ಏನನ್ನೂ ಇಡಬೇಡಿ. ಆಮೇಲೆ ಜೇನುಮೇಣ ಮತ್ತು ಕಾರ್ನೌಬಾ ಬೆರೆತ ಮೇಣವನ್ನು (ಕಾರ್ನೌಬಾ ಬ್ರೆಜಿಲ್‌ನ ಈಶಾನ್ಯದ ಒಂದು ತಾಳೆಯ ಎಲೆಯ ಮೇಣ) ಉಗುರಿನಷ್ಟು ತೆಗೆದು ತೆಳ್ಳಗೆ ಹಚ್ಚಿ, ಹದಿನೈದು ನಿಮಿಷ ಬಿಟ್ಟು ಬಟ್ಟೆಯಿಂದ ತಿಕ್ಕಿ. ವರ್ಷಕ್ಕೆ ಒಂದೆರಡು ಸಲ ಸಾಕು. ಸಿಲಿಕೋನ್ ಇರುವ ಸ್ಪ್ರೇ ಪಾಲಿಶ್ ಎಂದೂ ಬೇಡ; ಅದು ಸೇರಿದ ಮರದ ಮೇಲೆ ಮುಂದಿನ ಪಾಲಿಶ್ ಮೀನಿನ ಕಣ್ಣಿನಂತೆ ಗುಳಿಗುಳಿಯಾಗುತ್ತದೆ.

ಕಿಟಕಿಯ ನೇರ ಬಿಸಿಲು ಜಕರಂಡಾದ ನೇರಳೆಯನ್ನು ಹೀರಿ ಪೇಲವ ಕಂದಾಗಿಸುತ್ತದೆ. ಮೇಲೆ ಗಾಜು ಹಾಸಿದರೆ ಅರಗು ಅದಕ್ಕೆ ಅಂಟಿಕೊಳ್ಳುತ್ತದೆ. ಬಿಸಿ ಲೋಟದ ಕೆಳಗೆ ತಟ್ಟೆ ಇರಲಿ, ಏಕೆಂದರೆ ಅರಗಿಗೆ ಬಿಸಿ ಮತ್ತು ಸ್ಪಿರಿಟ್ ಎರಡೂ ಆಗದು.

## ಮೇಜನ್ನು ದೇಶದಾಚೆ ಒಯ್ಯುವವರಿಗೆ

ಇಷ್ಟೆಲ್ಲ ಮಾಡಿದ ಮೇಲೆ ಕಸ್ಟಮ್ಸ್‌ನಲ್ಲಿ ಮೇಜು ಕಳೆದುಕೊಳ್ಳುವುದು ಬೇಡ. ಡಾಲ್ಬರ್ಜಿಯಾ ನೈಗ್ರಾ 1992ರ ಜೂನ್ 11ರಿಂದ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ, ಹುಲಿ ಇರುವ ಪಟ್ಟಿಯೇ ಅದು. ಹಳೆಯ ಪೀಠೋಪಕರಣ ತಾನೇ ಎಂದು ಪಾತ್ರೆಪಗಡೆ ಜೊತೆ ಕಂಟೇನರ್‌ಗೆ ಹಾಕಬೇಡಿ. ಆ ದಿನಾಂಕಕ್ಕಿಂತ ಮೊದಲಿನ ಮರವೆಂದು ತೋರಿಸುವ ಪೂರ್ವ-ಒಪ್ಪಂದ ಪ್ರಮಾಣಪತ್ರವನ್ನು ಕಳಿಸುವ ದೇಶದ ಸೈಟಿಸ್ ಪ್ರಾಧಿಕಾರದಿಂದ, ಬ್ರೆಜಿಲ್ ಆದರೆ ಇಬಾಮಾದಿಂದ, ಹಡಗು ಗೊತ್ತುಮಾಡುವ ಮೊದಲೇ ಪಡೆಯಬೇಕು. ತಲುಪುವ ದೇಶದ ನಿಯಮವನ್ನೂ ಅಲ್ಲಿನ ಪ್ರಾಧಿಕಾರದಲ್ಲಿ ಕೇಳಿ ತಿಳಿಯಿರಿ. ಅರ್ಜಿಯ ಜೊತೆ ಮೇಜಿನ ವಯಸ್ಸಿಗೆ ಪುರಾವೆ ಲಗತ್ತಿಸಬೇಕಾಗುತ್ತದೆ: ಹಳೆಯ ರಸೀದಿ, ಹಿಂದಿನ ಮಾಲೀಕರ ಮನೆಯಲ್ಲಿದ್ದಾಗಿನ ಚಿತ್ರ, ಮತ್ತು ಒರೆಸುವ ಮೊದಲೇ ಖಾನೆಯ ತಳದಲ್ಲಿ ನೀವು ತೆಗೆದಿಟ್ಟುಕೊಂಡ ಆ ಚೀಟಿಯ ಫೋಟೊ.